ಅಕ್ಷರದ ಗುಂಡಿನ ದಾರಿ: ಬ್ರಹ್ಮಗಿರಿ, ಜಟಿಂಗ ರಾಮೇಶ್ವರಕ್ಕೆ ಎರಡು ದಿನ

ಚಳ್ಳಕೆರೆ ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ ಮೊದಲು ಶೇಂಗಾ ಹೊಲ, ಆಮೇಲೆ ಜಾಲಿ ಗಿಡ, ಆಮೇಲೆ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗುಂಡುಗಲ್ಲಿನ ಬೆಟ್ಟಗಳು. ಹಂಪಿಗೆ ಹೋಗುವ ಅವಸರದಲ್ಲಿ ಬಹಳ ಜನ ಈ ಬೆಟ್ಟಗಳನ್ನು ಕಾರಿನ ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಅದೇ ಬೆಟ್ಟಗಳ ಬುಡದಲ್ಲಿ ಅಶೋಕನ ಶಾಸನಗಳಿವೆ, ಅವಕ್ಕೂ ಹಿಂದಿನ ಸಮಾಧಿಗಳಿವೆ, ಅದಕ್ಕೂ ಹಿಂದೆ ಕಲ್ಲಿನ ಕೊಡಲಿ ಮಸೆದು ಬಾಳಿದವರ ನೆಲೆಯಿದೆ. ಬೆಟ್ಟ ಹತ್ತುವ ಆಸೆ, ಫೋಟೋ ತೆಗೆಯುವ ಹುಚ್ಚು ಎರಡೂ ಇರುವವರು ಮೊಳಕಾಲ್ಮೂರು ತಾಲ್ಲೂಕಿಗೆ ಎರಡು ದಿನ ಎತ್ತಿಡಿ.

ಒಂದು ಮಾತು ಮೊದಲೇ ಹೇಳಬೇಕು. ಹಂಪಿಯಲ್ಲಿ ಗೋಪುರ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಇಲ್ಲಿಯದೆಲ್ಲ ನೆಲಕ್ಕೆ ಅಂಟಿಕೊಂಡಿದೆ. ತಲೆ ಬಗ್ಗಿಸಿ, ನಿಧಾನವಾಗಿ ನಡೆದವರಿಗೆ ಮಾತ್ರ ಈ ಜಾಗ ಕಾಣಿಸುತ್ತದೆ.

ಯಾವಾಗ ಹೋಗಬೇಕು

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು. ನವೆಂಬರ್‌ನಿಂದ ಫೆಬ್ರುವರಿವರೆಗೆ ನಡೆಯಲು ಹಿತ. ಬೆಳಗಿನ ಗಾಳಿ ತಣ್ಣಗಿರುತ್ತದೆ, ಬೆಳಕು ತಿಳಿಯಾಗಿರುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೊಲಗಳು ಹಸಿರಾಗಿ, ಬಂಡೆಗಳ ಬಣ್ಣ ಎದ್ದು ಕಾಣುತ್ತದೆ. ಆದರೆ ಆಗ ಹುಲ್ಲು ಬೆಳೆದು ನೆಲದ ಕಲ್ಲುಗಳು ಮುಚ್ಚಿಹೋಗಿರುತ್ತವೆ, ಹಾವಿನ ಭಯವೂ ಹೆಚ್ಚು. ಮಾರ್ಚ್ ಮುಗಿದ ಮೇಲೆ ಬಂಡೆ ಕಾದ ಹೆಂಚಿನಂತಾಗುತ್ತದೆ, ಬೇಸಿಗೆಯಲ್ಲಿ ಹೋಗದಿರುವುದೇ ಒಳ್ಳೆಯದು.

ಹೋಗುವ ದಾರಿ

ಬೆಂಗಳೂರಿನಿಂದ ಬರುವವರು ಹಿರಿಯೂರಿನಲ್ಲಿ ಪುಣೆ ಹೆದ್ದಾರಿ ಬಿಟ್ಟು ಚಳ್ಳಕೆರೆ ದಾರಿ ಹಿಡಿಯಬೇಕು. ಚಳ್ಳಕೆರೆಗೆ ಸುಮಾರು 200 ಕಿ.ಮೀ. ಚಿತ್ರದುರ್ಗದಿಂದಾದರೆ 30 ಕಿ.ಮೀ. ಚಳ್ಳಕೆರೆಯಿಂದ ಹಾನಗಲ್ ಎಂಬ ಕೂಡುರಸ್ತೆಯವರೆಗೆ ಹೋಗಿ ಬಲಕ್ಕೆ ತಿರುಗಿದರೆ ಮೊಳಕಾಲ್ಮೂರು. ಅಲ್ಲಿಂದ ಅಶೋಕ ಸಿದ್ದಾಪುರ 15 ಕಿ.ಮೀ. ಆಸುಪಾಸಿನಲ್ಲಿದೆ. ಮೊಳಕಾಲ್ಮೂರಿನವರೆಗೆ ಬಸ್ಸು ಸಿಗುತ್ತದೆ. ಮುಂದಕ್ಕೆ ಬಸ್ಸು ನಂಬಿದರೆ ಬೆಳಗಿನ ಬೆಳಕು ಕೈತಪ್ಪುತ್ತದೆ. ಸ್ವಂತ ಗಾಡಿ ತನ್ನಿ, ಇಲ್ಲವೇ ಹಿಂದಿನ ದಿನವೇ ಆಟೋದವರ ಹತ್ತಿರ ಮಾತಾಡಿಟ್ಟುಕೊಳ್ಳಿ. ಉಳಿಯುವುದಕ್ಕೆ ಚಳ್ಳಕೆರೆ, ಚಿತ್ರದುರ್ಗ ಅಥವಾ ಬಳ್ಳಾರಿಯ ವಸತಿಗೃಹಗಳೇ ಅನುಕೂಲ.

ಮಧ್ಯೆ ಒಂದು ಗಂಟೆ ಬಿಡುವಿದ್ದರೆ ಚಳ್ಳಕೆರೆ ಪಕ್ಕದ ದೊಡ್ಡೇರಿಗೂ ಹೋಗಿ ಬನ್ನಿ. 1695ರಲ್ಲಿ ಮರಾಠರ ಸಂತಾಜಿ ಘೋರ್ಪಡೆ ಮೊಗಲ್ ಸೇನಾಪತಿ ಖಾಸಿಂ ಖಾನನನ್ನು ಮುತ್ತಿಗೆ ಹಾಕಿ ಸೋಲಿಸಿದ್ದು ಇಲ್ಲಿಯೇ.

ಮೊದಲ ದಿನ: ಸಿದ್ದಾಪುರ ಮತ್ತು ಬ್ರಹ್ಮಗಿರಿ

1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿ ಮೂರು ಕಡೆ ಅಶೋಕನ ಶಾಸನಗಳನ್ನು ಗುರುತಿಸಿದರು: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರೂ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಕ್ರಿಸ್ತಪೂರ್ವ 3ನೇ ಶತಮಾನದ ಈ ಶಾಸನಗಳು ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿವೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಕಳಿಸಿದ ಆಜ್ಞೆ ಇದು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ನಿಜ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರ. ಇಸಿಲ ಎಂದರೆ ಬ್ರಹ್ಮಗಿರಿಯ ಬುಡದಲ್ಲಿದ್ದ ಈ ಊರೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಸುವರ್ಣಗಿರಿ ಯಾವುದೆಂಬ ಬಗ್ಗೆ ಇನ್ನೂ ಒಮ್ಮತವಿಲ್ಲ.

ಬ್ರಹ್ಮಗಿರಿಯ ಶಾಸನದ ಬಂಡೆಯನ್ನು ಊರವರು ಕರೆಯುವುದು ‘ಅಕ್ಷರದ ಗುಂಡು’ ಎಂದು. ಅದೇ ಹೆಸರು ಹೇಳಿ ಕೇಳಿ. ಕುರಿ ಕಾಯುವ ಹಿರಿಯರು ಸಿಕ್ಕರೆ “ಯಜಮಾನ್ರೆ, ಅಕ್ಷರದ ಗುಂಡಿಗೆ ಹೆಂಗೆ ಹೋಗ್ಬೇಕು?” ಎಂದರೆ ಸಾಕು, ಕೋಲಿನಲ್ಲೇ ದಾರಿ ತೋರಿಸುತ್ತಾರೆ.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ನಡುಮಧ್ಯಾಹ್ನ. ಬಂಡೆಯ ಮುಂದೆ ನಿಂತಿದ್ದೆ, ಒಂದಕ್ಷರವೂ ಕಾಣಲಿಲ್ಲ. ಬಂಡೆಗೆ ಪುರಾತತ್ವ ಇಲಾಖೆಯವರು ಸೂರು ಕಟ್ಟಿರುವುದರಿಂದ ಒಳಗೆ ಬೆಳಕು ಮಂದ. ಜೊತೆಗಿದ್ದ ಗೆಳೆಯ ಟಾರ್ಚನ್ನು ಬಂಡೆಗೆ ಸಮನಾಗಿ, ಪಕ್ಕದಿಂದ ಹಿಡಿದ. ಆಗ ಕಲ್ಲಿನ ಮೈಮೇಲೆ ಗೆರೆಗಳು ಒಂದೊಂದಾಗಿ ಎದ್ದವು. ಕೂಡುವ ಗುರುತಿನಂತಿರುವುದು ‘ಕ’. ಗುಡಿಸಲಿನ ಸೂರಿನಂತಿರುವುದು ‘ಗ’. ಹತ್ತು ನಿಮಿಷ ದಿಟ್ಟಿಸಿದ ಮೇಲೆ ಎರಡು ಸಾವಿರ ವರ್ಷದ ಹಿಂದಿನ ಒಬ್ಬ ಮನುಷ್ಯನ ಕೈಬರಹ ಕಣ್ಣಿಗೆ ಹೊಂದಿಕೊಂಡಿತು.

ಆ ಮನುಷ್ಯನ ಹೆಸರೂ ನಮಗೆ ಗೊತ್ತು: ಚಪಡ. ಶಾಸನದ ಕೊನೆಗೆ ತನ್ನ ಹೆಸರು ಬರೆದು, ‘ಲಿಪಿಕಾರ’ ಎಂಬರ್ಥದ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ದೂರದ ವಾಯವ್ಯದಲ್ಲಿ ಅಕ್ಷರ ಕಲಿತ ಲಿಪಿಕಾರನ ಗುರುತು ಮೊಳಕಾಲ್ಮೂರಿನ ಬಂಡೆಯ ಮೇಲೆ ಉಳಿದಿದೆ. ಈ ಸೀಮೆಯಲ್ಲಿ ನೀವು ಒಂದೇ ಒಂದು ಫೋಟೋ ತೆಗೆಯುವುದಾದರೆ ಆ ಒಂದು ಪದದ ಫೋಟೋ ತೆಗೆಯಿರಿ.

ಶಾಸನದಿಂದ ಬೆಟ್ಟದ ಬುಡ ಹಿಡಿದು ನಡೆಯಿರಿ. 1940ರ ದಶಕದಲ್ಲಿ ಮೈಸೂರಿನ ಎಂ.ಎಚ್. ಕೃಷ್ಣ ಇಲ್ಲಿ ಉತ್ಖನನ ಆರಂಭಿಸಿದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮುಂದುವರಿಸಿದರು. ನೆಲದೊಳಗೆ ಒಂದರ ಮೇಲೊಂದು ಮೂರು ಪದರ ಸಿಕ್ಕವು: ಕೆಳಗೆ ಕಲ್ಲುಕೊಡಲಿ ಬಳಸಿದವರದು, ನಡುವೆ ಕಬ್ಬಿಣ ಬಳಸಿ ಬೃಹತ್ ಶಿಲಾಸಮಾಧಿ ಕಟ್ಟಿದವರದು, ಮೇಲೆ ಆರಂಭದ ಇತಿಹಾಸ ಕಾಲದ್ದು. ಮೇಲಿನ ಪದರದ ಮಡಕೆ ಚೂರುಗಳಿಗೆ ಪುದುಚೇರಿ ಬಳಿಯ ಅರಿಕಮೇಡುವಿನ ಮಡಕೆಗಳೊಂದಿಗೆ ಹೋಲಿಕೆ ಸಿಕ್ಕಿತು. ರೋಮ್‌ನೊಂದಿಗೆ ವ್ಯಾಪಾರ ನಡೆಸಿದ್ದ ಆ ಬಂದರಿನ ಕಾಲ ಗೊತ್ತಿದ್ದುದರಿಂದ ಇಲ್ಲಿಯ ಪದರಗಳ ಕಾಲವನ್ನೂ ಲೆಕ್ಕ ಹಾಕಲು ಆಯಿತು. ದಕ್ಷಿಣ ಭಾರತದ ಪ್ರಾಚೀನ ಕಾಲಗಣನೆಗೆ ಬ್ರಹ್ಮಗಿರಿ ಹೀಗೆ ಒಂದು ಅಳತೆಗೋಲಾಯಿತು.

ಸಮಾಧಿಗಳನ್ನು ಗುರುತಿಸುವುದು ಹೀಗೆ. ಮೊದಲು ಗುಂಡುಕಲ್ಲುಗಳ ವರ್ತುಲ ಹುಡುಕಿ. ಅದರ ನಡುವೆ ನಾಲ್ಕು ಚಪ್ಪಡಿಗಳನ್ನು ಒಂದಕ್ಕೊಂದು ಆನಿಸಿ, ಮೇಲಿನಿಂದ ನೋಡಿದರೆ ಸ್ವಸ್ತಿಕದಂತೆ ಕಾಣುವ ಹಾಗೆ ನಿಲ್ಲಿಸಿರುತ್ತಾರೆ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿರುತ್ತದೆ. ಕನ್ನಡ ನಾಡಿನ ಹಲವೆಡೆ ಇಂಥವನ್ನು ‘ಮೋರೇರ ಮನೆ’ ಎನ್ನುತ್ತಾರೆ. ಸೂರ್ಯ ಹುಟ್ಟಿದ ಮೇಲಿನ ಮೊದಲ ಒಂದು ಗಂಟೆ ವರ್ತುಲದ ಕಲ್ಲುಗಳ ನೆರಳು ಉದ್ದಕ್ಕೆ ಚಾಚಿಕೊಳ್ಳುತ್ತದೆ. ಮಧ್ಯಾಹ್ನ ಬರೀ ಕಲ್ಲು ಹರಡಿದಂತೆ ಕಾಣುವ ನೆಲ, ಆ ಹೊತ್ತಿನಲ್ಲಿ ಮನುಷ್ಯರು ಕೂಡಿ ಕಟ್ಟಿದ್ದು ಎಂದು ಗೊತ್ತಾಗುತ್ತದೆ.

ಎರಡನೆಯ ದಿನ: ಜಟಿಂಗ ರಾಮೇಶ್ವರ

ಸಮುದ್ರಮಟ್ಟದಿಂದ 3,400 ಅಡಿಗೂ ಮಿಕ್ಕಿದ ಈ ಬೆಟ್ಟವೇ ಪ್ರವಾಸದ ನಿಜವಾದ ಏರು. ನಸುಕಿನಲ್ಲೇ ಹೊರಡಿ. ಸೀತೆಯನ್ನು ಬಿಡಿಸಲು ರಾವಣನೊಂದಿಗೆ ಹೋರಾಡಿ ಜಟಾಯು ಬಿದ್ದದ್ದು ಇಲ್ಲಿ ಎಂಬುದು ಈ ಭಾಗದ ನಂಬಿಕೆ. ರಾಮೇಶ್ವರ ಗುಡಿಯ ಹತ್ತಿರದ ಮೆಟ್ಟಿಲ ಬಳಿ ಅಶೋಕನ ಮೂರನೆಯ ಶಾಸನವಿದೆ. ಜಾತ್ರೆಯ ದಿನ ಬಳೆ ಮಾರುವವರು ಆ ಬಂಡೆಯ ಮೇಲೆ ಅಂಗಡಿ ಹಾಕುತ್ತಿದ್ದುದರಿಂದ ಅದಕ್ಕೆ ‘ಬಳೆಗಾರ ಗುಂಡು’ ಎಂದೇ ಹೆಸರು. ಮೂರರಲ್ಲಿ ಹೆಚ್ಚು ಸವೆದಿರುವುದು ಇದೇ. ಮೇಲೆ ನಿಂತರೆ ಒಂದು ಕಡೆ ಕರ್ನಾಟಕ, ಇನ್ನೊಂದು ಕಡೆ ಆಂಧ್ರದ ರಾಯದುರ್ಗದತ್ತ ಚಾಚಿದ ಬಯಲು. ಅಗಲದ ಲೆನ್ಸ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಗುಡಿಯಲ್ಲಿ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೆ ಬಿಡಿ, ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸುವ ಮುನ್ನ ಪೂಜಾರಿಯವರನ್ನು ಕೇಳಿ.

ಸಂಜೆಯನ್ನು ಮೊಳಕಾಲ್ಮೂರಿಗೆ ಇಟ್ಟುಕೊಳ್ಳಿ. ಪಾಳೆಯಗಾರರ ಕಾಲದ ಬೆಟ್ಟದ ಕೋಟೆ, ಕೂಗಿದರೆ ಮರುದನಿ ಕೊಡುವ ‘ಕೂಗು ಬಂಡೆ’, ನುಂಕೆಮಲೆಯ ಭೈರವನ ಕ್ಷೇತ್ರ ಇವೆಲ್ಲ ಹತ್ತಿರದಲ್ಲೇ. ಕತ್ತಲಾಗುವ ಮೊದಲು ಬೀದಿಯಲ್ಲಿ ಮಗ್ಗದ ಸದ್ದು ಕೇಳಿದ ಕಡೆ ಬಾಗಿಲಲ್ಲಿ ನಿಂತು “ಅಣ್ಣ, ಒಳಗೆ ಬರಬಹುದಾ?” ಎಂದು ಕೇಳಿ. ಭೌಗೋಳಿಕ ಗುರುತು ಪಡೆದ ಮೊಳಕಾಲ್ಮೂರು ರೇಷ್ಮೆ ಸೀರೆ ಹುಟ್ಟುವುದು ಇಂಥ ಮನೆಗಳಲ್ಲಿ.

ಚೀಲದಲ್ಲಿ ಏನಿರಬೇಕು

ತಲಾ ಮೂರು ಲೀಟರ್ ನೀರು, ಟೋಪಿ, ಹಿಡಿತ ಚೆನ್ನಾಗಿರುವ ಬೂಟು, ಎರಡು ಟಾರ್ಚು, ಲೆನ್ಸಿನ ಧೂಳು ಒರೆಸಲು ಮೆತ್ತನೆಯ ಬಟ್ಟೆ. ಬೆಟ್ಟದ ಮೇಲೆ ಅಂಗಡಿ ಇಲ್ಲವೆಂದೇ ತಿಳಿದು ಚಳ್ಳಕೆರೆಯಲ್ಲೋ ಮೊಳಕಾಲ್ಮೂರಿನಲ್ಲೋ ಮಂಡಕ್ಕಿ, ಶೇಂಗಾ ಕಟ್ಟಿಸಿಕೊಳ್ಳಿ. ಈ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಡುತ್ತವೆ. ಒಬ್ಬರೇ ಹತ್ತಬೇಡಿ, ಹೊತ್ತು ಮುಳುಗುವ ಮುನ್ನ ಇಳಿದುಬಿಡಿ.

ಬಂಡೆಗೆ ನಾವು ಕೊಡಬೇಕಾದ ಮರ್ಯಾದೆ

ಇವು ಕಾನೂನಿನ ರಕ್ಷಣೆಯಲ್ಲಿರುವ ಸ್ಮಾರಕಗಳು. ಹಾಳುಗೆಡವಿದರೆ ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಟ್ರೈಪಾಡ್, ಡ್ರೋನ್ ಬಳಸುವುದಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಒಪ್ಪಿಗೆ ಮೊದಲೇ ಪಡೆಯಿರಿ. ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ ತಿಕ್ಕುವುದು, ನೀರು ಸುರಿಯುವುದು ಬೇಡ. ಪಕ್ಕದಿಂದ ಬಿದ್ದ ಬೆಳಕು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ನೆಲದಲ್ಲಿ ಮಡಕೆ ಚೂರು ಕಂಡರೆ ಫೋಟೋ ತೆಗೆದು ಅಲ್ಲೇ ಬಿಡಿ. ಯಾವ ಪದರದ ಚೂರು ಎಲ್ಲಿ ಬಿದ್ದಿತ್ತು ಎಂಬುದರಿಂದಲೇ ಈ ನೆಲದ ಚರಿತ್ರೆ ತಿಳಿದದ್ದು. ಜಾಗ ತಪ್ಪಿದ ಚೂರು ಮಾತು ಕಳೆದುಕೊಳ್ಳುತ್ತದೆ.

ಹೊರಡುವ ಮೊದಲು ಇನ್ನೊಮ್ಮೆ ಅಕ್ಷರದ ಗುಂಡಿನ ಹತ್ತಿರ ಹೋಗಿ, ಟಾರ್ಚು ಪಕ್ಕದಿಂದ ಹಿಡಿಯಿರಿ. ಮೊದಲ ದಿನ ಕಾಣದ ನಾಲ್ಕು ಅಕ್ಷರ ಎರಡನೆಯ ದಿನ ಖಂಡಿತ ಕಾಣುತ್ತವೆ.