ನಡುಕ ನಿಂತ ರಾತ್ರಿ

ಈ ರಾತ್ರಿಯ ಬಗ್ಗೆ ಬರೆಯಬೇಡಿ ಎಂದು ಹೆಂಡತಿ ಹೇಳುತ್ತಲೇ ಬಂದಿದ್ದಳು. ಆದರೆ ಬಾಸ್ಟನ್ನಿನಲ್ಲಿ ನಮಗೆ ಪರಿಚಯದ ಎರಡು ಕನ್ನಡ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ನಾವು ಹೋಗಿದ್ದ ಹಾದಿಗೇ ಹೊರಟಿವೆ ಎಂದು ಕಳೆದ ವಾರ ತಿಳಿಯಿತು. ಇನ್ನು ಸುಮ್ಮನಿರುವುದು ತಪ್ಪು.

ಅಪಲಾಚಿಯನ್ ಟ್ರೈಲ್ ಜಾರ್ಜಿಯಾದಿಂದ ಮೇಯ್ನ್‌ವರೆಗೆ 14 ರಾಜ್ಯ ದಾಟುವ, ಸುಮಾರು 3,500 ಕಿಲೋಮೀಟರಿನ ಕಾಲುಹಾದಿ. ಪೂರ್ತಿ ನಡೆಯಲು ಐದಾರು ತಿಂಗಳು ಬೇಕು. ನಾನು ಮತ್ತು ಹದಿನಾರರ ಮಗಳು ಹೊರಟಿದ್ದು ಮೂರು ದಿನದ ಒಂದು ತುಂಡಿಗೆ. ನ್ಯೂ ಹ್ಯಾಂಪ್‌ಶೈರಿನ ವೈಟ್ ಮೌಂಟನ್ಸ್‌ನಲ್ಲಿ ಮೊದಲ ರಾತ್ರಿ ಲಿಬರ್ಟಿ ಸ್ಪ್ರಿಂಗ್ ಟೆಂಟ್ ತಾಣ, ಮರುದಿನ ಬೆಟ್ಟಸಾಲಿನ ಬೋಳು ನೆತ್ತಿಯ ಮೇಲೆ ಲಿಂಕನ್, ಲಾಫಯೆಟ್ ಶಿಖರ ದಾಟಿ ಗಾರ್‌ಫೀಲ್ಡ್. ಸೆಪ್ಟೆಂಬರ್ ಮೊದಲ ವಾರ. ನಾವಿರುವ ಊರಲ್ಲಿ ಇನ್ನೂ ಸೆಕೆ.

ಮಳೆ ಬರಬಹುದು ಎಂದು ಮುನ್ಸೂಚನೆ ಇತ್ತು. ನಾನು ಆಗುಂಬೆಯ ಪಕ್ಕದ ಹಳ್ಳಿಯವನು. ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋದವನು, ಕುಮಾರಪರ್ವತ ಹತ್ತುವಾಗ ತೊಪ್ಪೆಯಾಗಿ ನೆನೆದವನು. ಮಳೆಗೆ ಯಾರಾದರೂ ಪ್ರವಾಸ ಬಿಡುತ್ತಾರೆಯೇ ಎಂದುಬಿಟ್ಟೆ. ನಮ್ಮೂರಲ್ಲಿ ಎಷ್ಟೇ ನೆನೆದರೂ ಮನೆಗೆ ಬಂದರೆ ಬಚ್ಚಲೊಲೆ ಉರಿಯುತ್ತಿರುತ್ತದೆ, ಹಂಡೆಯಲ್ಲಿ ಬಿಸಿನೀರು ಕಾದಿರುತ್ತದೆ ಎಂಬುದು ಆಗ ತಲೆಗೆ ಹೋಗಲಿಲ್ಲ.

ಟೆಂಟು ನನ್ನ ಷಡ್ಡಕನದು. "ಒಂದು ಕೇಜಿಯೂ ಇಲ್ಲ ಭಾವ, ತಗೊಂಡು ಹೋಗಿ" ಎಂದು ಕೊಟ್ಟ. ಅದಕ್ಕೆ ಸ್ವಂತ ಕಡ್ಡಿಗಳ ಚೌಕಟ್ಟಿಲ್ಲ. ನಡೆಯುವಾಗ ಹಿಡಿಯುವ ಎರಡು ಕೋಲುಗಳನ್ನೇ ಕಂಬ ಮಾಡಿ, ಸುತ್ತ ಆರು ಗೂಟ ನೆಲಕ್ಕೆ ಹೊಡೆದು ಎಳೆದು ಕಟ್ಟಿದರೆ ಮಾತ್ರ ನಿಲ್ಲುತ್ತದೆ. "ಅಪ್ಪ, ಒಂದ್ಸಲ ಹಿತ್ತಲಲ್ಲಿ ಹಾಕಿ ನೋಡೋಣ" ಎಂದು ಮಗಳು ಎರಡು ಬಾರಿ ಹೇಳಿದ್ದಳು. ಅಲ್ಲೇ ಹೋಗಿ ಹಾಕಿದರಾಯಿತು ಎಂದೆ.

ಲಿಬರ್ಟಿ ಸ್ಪ್ರಿಂಗ್ ಸುಮಾರು 3,800 ಅಡಿ ಎತ್ತರದಲ್ಲಿ, ಕಡಿದಾದ ಇಳಿಜಾರಿನಲ್ಲಿದೆ. ಅಲ್ಲಿ ಬಂಡೆಯ ಮೇಲೆ ಮಣ್ಣು ತೆಳ್ಳಗೆ. ಕಂಡಕಂಡಲ್ಲಿ ಟೆಂಟು ಹಾಕಿದರೆ ಬೇರು ಸತ್ತು ಮಣ್ಣು ತೊಳೆದುಹೋಗುತ್ತದೆಂದು ಮರದ ಹಲಗೆ ಹೊಡೆದು ಜಗಲಿಗಳನ್ನು ಕಟ್ಟಿದ್ದಾರೆ. ಟೆಂಟು ಅದರ ಮೇಲೆಯೇ. ಹಲಗೆಗೆ ಗೂಟ ಹೊಡೆಯುವುದೆಲ್ಲಿ? ಷಡ್ಡಕ ಅದೇ ತಾಣದಲ್ಲಿ ಹಿಂದೆ ಮಲಗಿ ಬಂದವನು. ಆ ಒಂದು ಮಾತು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ ನಿಜ, ಆದರೂ ಆ ಸಿಟ್ಟು ಇನ್ನೂ ಇಳಿದಿಲ್ಲ.

ಇದ್ದ ಗಿಡ್ಡ ದಾರಗಳನ್ನೇ ಗಂಟು ಹಾಕಿ ಜಗಲಿಯ ಅಂಚಿಗೆ ಕಟ್ಟಿದೆ. ಗೊಜ್ಜವಲಕ್ಕಿ ತಿಂದು, ಉಳಿದ ಚಪಾತಿ, ಚಟ್ನಿಪುಡಿ, ಹಲ್ಲುಜ್ಜುವ ಪೇಸ್ಟನ್ನೂ ಸೇರಿಸಿ ಕರಡಿ ಬಾಯಿ ಹಾಕದಂತೆ ಇಟ್ಟಿರುವ ಕಬ್ಬಿಣದ ಪೆಟ್ಟಿಗೆಗೆ ತುಂಬಿ ಮಲಗಿದೆವು.

ಹನ್ನೊಂದರ ಸುಮಾರಿಗೆ ಗಾಳಿ ಎದ್ದಿತು. ಹಿಂದೆಯೇ ಮಳೆ. ಮೊದಲು ಒಂದು ಗಂಟು ಜಾರಿತು, ಆಮೇಲೆ ಕೋಲು ಉರುಳಿ ಒದ್ದೆ ಬಟ್ಟೆ ಪೂರ್ತಿ ಮುಖದ ಮೇಲೆ ಬಿತ್ತು. ಹೊರಗೆ ಹೋಗಿ ಕಟ್ಟಿದೆ, ಮತ್ತೆ ಬಿತ್ತು. ಬೆರಳುಗಳು ಮರಗಟ್ಟಿ ಗಂಟು ಕೂರುತ್ತಿರಲಿಲ್ಲ. ಒಳಗೆ ಬಂದು ನೋಡಿದರೆ ಮಗಳ ಪುಕ್ಕದ ಮಲಗುಚೀಲ ನೀರು ಕುಡಿದು ಹಿಂಡಿದ ಹತ್ತಿಯಂತೆ ಮುದ್ದೆಯಾಗಿತ್ತು. ಪುಕ್ಕ ಒದ್ದೆಯಾದರೆ ಬೆಚ್ಚಗಿಡುವ ಶಕ್ತಿ ಹೋಯಿತೆಂದೇ ಲೆಕ್ಕ. ಅವಳ ಮೈಮೇಲಿದ್ದದ್ದು ಹತ್ತಿಯ ಅಂಗಿ, ಅದೂ ನಾನೇ ಕೊಡಿಸಿದ್ದು. ಹಲ್ಲು ಕಟಕಟ ಎನ್ನುವುದು ಗಾಳಿಯ ಸದ್ದಿನಲ್ಲೂ ಕೇಳುತ್ತಿತ್ತು. ತಾಣ ನೋಡಿಕೊಳ್ಳುವವನು ಅಲ್ಲೇ ಟೆಂಟಿನಲ್ಲಿದ್ದ. "ಕೇರ್‌ಟೇಕರ್‌ನ ಎಬ್ಬಿಸೋಣ ಅಪ್ಪ" ಎಂದಳು. ಇಷ್ಟು ಹೊತ್ತಿನಲ್ಲಿ ಜನರನ್ನು ಎಬ್ಬಿಸುವುದೇ, ಬೆಳಗಾಗಲಿ ಎಂದೆ. ಬದುಕಿನಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಅದು.

ಎರಡು ಗಂಟೆಯ ಹೊತ್ತಿಗೆ ಅವಳ ನಡುಕ ನಿಂತಿತು. ಅಬ್ಬಾ, ಮೈ ಬೆಚ್ಚಗಾಯಿತು ಎಂದು ನನಗೆ ಸಮಾಧಾನವಾಯಿತು. ಹತ್ತು ನಿಮಿಷ ಆ ಸಮಾಧಾನದಲ್ಲೇ ಕೂತಿದ್ದೆ. ಆಮೇಲೆ ಜಾಕೆಟ್ಟಿನ ಜಿಪ್ಪು ಮೇಲಕ್ಕೆಳೆದುಕೋ ಎಂದೆ. ಟಾರ್ಚಿನ ಬೆಳಕಿನಲ್ಲಿ ನೋಡುತ್ತೇನೆ, ಅವಳ ಬೆರಳು ಜಿಪ್ಪಿನ ಕೊಂಡಿಯನ್ನು ಮುಟ್ಟುತ್ತಿದೆ, ಹಿಡಿಯುತ್ತಿಲ್ಲ. ಮುಟ್ಟಿ ಜಾರುತ್ತಿದೆ, ಮತ್ತೆ ಮುಟ್ಟುತ್ತಿದೆ. ಹೆಸರು ಹಿಡಿದು ಕರೆದೆ. "ಬಿಡು... ನಿದ್ದೆ" ಎಂದಳು. ನಾಲಿಗೆ ತೊದಲುತ್ತಿತ್ತು. ಮಗು ಕೈಬಿಟ್ಟು ಹೋಗುತ್ತಿದೆ ಎಂದು ಆಗ ಗೊತ್ತಾಯಿತು.

ಬರಿಗಾಲಲ್ಲಿ ಓಡಿದೆ. ಕೇರ್‌ಟೇಕರ್ ಇಪ್ಪತ್ತೈದು ದಾಟದ ಹುಡುಗ. ನಾನು ಎರಡು ಮಾತು ಆಡುವುದರೊಳಗೆ ಎದ್ದು ಬಂದ. ಅವಳನ್ನು ನಡೆಸದೆ ಇಬ್ಬರೂ ಎತ್ತಿಕೊಂಡು ಅವನ ಟೆಂಟಿಗೆ ಒಯ್ದೆವು. ಒದ್ದೆ ಬಟ್ಟೆ ತೆಗೆಸಿ, ಉಣ್ಣೆ ಟೋಪಿ ಹಾಕಿಸಿ, ಒಣ ಚೀಲದೊಳಗೆ ಮಲಗಿಸಿ, ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ, ಎದೆಯ ಬಳಿ ಇಡಿಸಿದ. ನಾನು ಅಂಗಾಲು ತಿಕ್ಕಲು ಹೋದರೆ ಕೈ ಹಿಡಿದು ತಡೆದ, ತಿಕ್ಕಬಾರದಂತೆ. ಮುಕ್ಕಾಲು ಗಂಟೆಯ ಮೇಲೆ ಅವಳಿಗೆ ಮತ್ತೆ ನಡುಕ ಬಂತು. "ಇದು ಒಳ್ಳೆಯದು" ಎಂದ ಹುಡುಗ. ಲೋಟ ತಾನೇ ಹಿಡಿಯುವಷ್ಟಾದಾಗ ಬಿಸಿ ಸಕ್ಕರೆನೀರು ಕುಡಿಸಿದೆವು. ನಾನು ಅತ್ತದ್ದನ್ನು ಅವಳು ನೋಡಲಿಲ್ಲ.

ಬೆಳಿಗ್ಗೆ ಮಳೆ ನಿಂತಿತ್ತು. ಹುಡುಗ ನಮ್ಮ ಜಗಲಿಗೆ ಬಂದು ತೋರಿಸಿದ. ಟೆಂಟಿನ ದಾರಕ್ಕೆ ಗೇಣುದ್ದದ ಕೋಲು ಕಟ್ಟಿ, ಎರಡು ಹಲಗೆಗಳ ಸಂದಿಯಲ್ಲಿ ಇಳಿಸಿ ಅಡ್ಡ ತಿರುಗಿಸಿದರೆ ಕೆಳಗಿನಿಂದ ಕಚ್ಚಿ ಕೂರುತ್ತದೆ. ಅಷ್ಟೇ ಕೆಲಸ. ಲಾಫಯೆಟ್ ಕಡೆ ತಲೆಯೂ ಎತ್ತದೆ ಕೆಳಗಿಳಿದೆವು.

ಹೋಗುವವರಿಗೆ ನನಗೆ ತೋಚುವುದಿಷ್ಟು. ಜಗಲಿಯಿರುವ ತಾಣಗಳಿಗೆ ತನ್ನ ಚೌಕಟ್ಟಿನಲ್ಲೇ ನಿಲ್ಲುವ ಟೆಂಟು ಒಯ್ಯಿರಿ, ಜೊತೆಗೆ ಹತ್ತು ಮೀಟರ್ ದಾರ. ಹತ್ತಿ ಬಟ್ಟೆ ಬೇಡ, ಉಣ್ಣೆ ಅಥವಾ ಸಿಂಥೆಟಿಕ್ ಇರಲಿ. ಮಲಗುಚೀಲವನ್ನೂ ಒಂದು ಜೊತೆ ಒಣಬಟ್ಟೆಯನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಬೋಳು ನೆತ್ತಿಯ ಮೇಲೆ ಬೇಸಿಗೆಯಲ್ಲಿ ಟೆಂಟು ಹಾಕಲು ಅನುಮತಿ ಇಲ್ಲ, ಆದ್ದರಿಂದ ಕತ್ತಲಾಗುವ ಮೊದಲೇ ತಾಣ ಸೇರುವಂತೆ ಹೊರಡಿ.

ಮಗಳು ಈ ಜುಲೈಗೆ ಮತ್ತೆ ಹೋಗೋಣ ಎನ್ನುತ್ತಿದ್ದಾಳೆ. ಹೊಸ ಟೆಂಟನ್ನು ಹಿತ್ತಲಲ್ಲಿ ಹಾಕಿ, ಮಳೆಯಲ್ಲೇ ಎರಡು ರಾತ್ರಿ ಮಲಗಿ ನೋಡಿದ್ದಾಯಿತು. ನೀವು ಹೊರಡುವಿರಾದರೆ ಒಂದು ಕೇಳಿಕೊಳ್ಳುತ್ತೇನೆ. ಚಳಿಯಲ್ಲಿ ನೆನೆದ ಮಗುವಿನ ನಡುಕ ತಾನಾಗಿ ನಿಂತಿತೆಂದರೆ ಒಂದು ಕ್ಷಣವೂ ಕಾಯಬೇಡಿ, ಪಕ್ಕದ ಟೆಂಟಿನವರನ್ನು ಎಬ್ಬಿಸಿ. ಎಷ್ಟು ಹೊತ್ತಾಗಿದ್ದರೂ ಎಬ್ಬಿಸಿ.