ಹವಳದ ತೊಟ್ಟಿಯಲ್ಲಿ ಕಲ್ಲು ಕೂರಿಸುವುದು ಹೀಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಬೇಕೆನ್ನುವವರಿಗೆ ಮೊದಲು ಹೊಳೆಯುವುದು ಒಂದೇ ಮಾತು: ಕಡಲು ಇಲ್ಲೇ ಇದೆಯಲ್ಲ, ನೀರು, ಹೊಯಿಗೆ, ಕಲ್ಲು ಎಲ್ಲವನ್ನೂ ಅಲ್ಲಿಂದಲೇ ತಂದರಾಯಿತು. ಈ ಮೂರನ್ನೂ ತರಬೇಡಿ. ಪಂಚಗಂಗಾವಳಿ ಗಂಗೊಳ್ಳಿಯಲ್ಲಿ, ಸೀತಾ ಮತ್ತು ಸ್ವರ್ಣಾ ಕೋಡಿ ಬೆಂಗ್ರೆಯಲ್ಲಿ ಕಡಲು ಸೇರುತ್ತವೆ. ಹಾಗಾಗಿ ಅಳಿವೆಯ ಸುತ್ತಮುತ್ತ ನೀರಿನ ಉಪ್ಪು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಮಳೆಗಾಲದಲ್ಲಿ ದಡದ ನೀರು ಬರೀ ಕೆಸರು, ದೋಣಿ ನಿಲ್ಲುವ ಕಡೆ ಡೀಸೆಲ್. ಹೊಯಿಗೆಯಲ್ಲಿ ಕೆಲವು ಕಡೆ ಕಬ್ಬಿಣದಂಶದ ಕರಿ ಕಣಗಳಿರುತ್ತವೆ. ಅವು ಗಾಜು ಉಜ್ಜುವ ಮ್ಯಾಗ್ನೆಟ್ಟಿಗೆ ಅಂಟಿ ಗಾಜನ್ನೇ ಗೀರಿಬಿಡುತ್ತವೆ. ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಅಕ್ವೇರಿಯಂ ಉಪ್ಪು ಬೆರೆಸಿ, ಸಾಂದ್ರತೆ 1.025ಕ್ಕೆ ನಿಲ್ಲಿಸುವುದೇ ಕ್ಷೇಮ. ನಮ್ಮ ಬಾವಿ ನೀರಿನಲ್ಲಿ ಕಬ್ಬಿಣದಂಶ ಇರುವುದು ಸಾಮಾನ್ಯವಾದ್ದರಿಂದ ಅದನ್ನು ನೇರವಾಗಿ ಹಾಕುವ ಹಾಗಿಲ್ಲ.

ಕಲ್ಲಿನ ವಿಷಯ ಇನ್ನೂ ಮುಖ್ಯ. ಮುರಕಲ್ಲು ತೊಟ್ಟಿಗೆ ಆಗದು. ಅದರ ಕಬ್ಬಿಣ, ಮಣ್ಣು ನೀರಿಗಿಳಿದು ಪಾಚಿ ಕಟ್ಟಿಸುತ್ತದೆ. ಕರಿಕಲ್ಲು ಅಪಾಯಕಾರಿಯಲ್ಲ, ಆದರೆ ಅದರ ಒಳಗೆ ರಂಧ್ರಗಳಿಲ್ಲ. ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ನೆಲೆಸಬೇಕಾದ್ದು ಆ ರಂಧ್ರಗಳಲ್ಲೇ. ಉಳಿದದ್ದು ನಿಜವಾದ ಹವಳದ ಕಲ್ಲು. ಅದನ್ನು ಮುಟ್ಟಲೇಬೇಡಿ. ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಒಂದನೇ ಷೆಡ್ಯೂಲಿನಲ್ಲಿವೆ, ಹುಲಿಗೆ ಇರುವಷ್ಟೇ ರಕ್ಷಣೆ ಅವಕ್ಕೂ ಇದೆ. ಸತ್ತು ಬೆಳ್ಳಗಾದ ತುಂಡೂ ಕಾಯ್ದೆಯ ಹೊರಗಲ್ಲ. ಇಂಥ ಅಪರಾಧಕ್ಕೆ ಕನಿಷ್ಠ ಶಿಕ್ಷೆ ಮೂರು ವರ್ಷ ಜೈಲು.

ಹಾಗೆಂದು ನಿಜವಾದ ಹವಳ ನೋಡಬಾರದೆಂದಲ್ಲ. ತೊಟ್ಟಿ ಕಟ್ಟುವ ಮೊದಲು ಒಮ್ಮೆ ನೇತ್ರಾಣಿಗೆ ಹೋಗಿ ಬನ್ನಿ. ಬೈಂದೂರಿನಿಂದ ಭಟ್ಕಳ ದಾಟಿದರೆ ಮುರುಡೇಶ್ವರ, ಅಲ್ಲಿಂದ ಸ್ಕೂಬಾ ದೋಣಿಗಳು ದ್ವೀಪಕ್ಕೆ ಹೋಗುತ್ತವೆ. ಲಕ್ಷದ್ವೀಪದಲ್ಲಿ ಹವಳವೇ ನೆಲವಾಗಿದೆ. ನೇತ್ರಾಣಿಯಲ್ಲಿ ಹಾಗಲ್ಲ, ಅಲ್ಲಿ ಬಂಡೆಗಳ ಮೇಲೆ ಹವಳ ಅಂಟಿ ಬೆಳೆದಿದೆ. ಒಂದು ಬಂಡೆಗೂ ಇನ್ನೊಂದಕ್ಕೂ ನಡುವೆ ಸಂದು, ಸಂದಿನಲ್ಲಿ ಮೀನು, ಎಲ್ಲದರ ನಡುವೆ ನೀರಿನ ಓಟ. ಮನೆಯ ಮೂರಡಿ ತೊಟ್ಟಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಹೊಸಬರ ತೊಟ್ಟಿಗಳಲ್ಲಿ ಹೆಚ್ಚಾಗಿ ಕಾಣುವುದು ಹಿಂದಿನ ಗಾಜಿಗೆ ಒತ್ತಿಕೊಂಡ ಕಲ್ಲಿನ ಪಾಗಾರ. ಅದರ ಹಿಂದೆ ನೀರು ಆಡುವುದಿಲ್ಲ, ಕಸ ಕೂತು ಕೊಳೆಯುತ್ತದೆ, ಹವಳ ಸೊರಗುತ್ತದೆ. ಕಲ್ಲು ಜೋಡಿಸುವುದೆಂದರೆ ಅರ್ಧ ಕೆಲಸ ಖಾಲಿ ಜಾಗ ಬಿಡುವುದು.

ಕಲ್ಲು ನಾವೇ ಮಾಡಿಕೊಳ್ಳಬಹುದು

ಮೇ ತಿಂಗಳಲ್ಲಿ ಶುರು ಮಾಡಿ, ಕಾರಣ ಮುಂದೆ ತಿಳಿಯುತ್ತದೆ. ಬೇಕಾದ್ದು ಮೂರು: ಸಿಮೆಂಟ್, ಚಿಪ್ಪಿನ ತರಿ, ಕಲ್ಲುಪ್ಪು. ಸಿಮೆಂಟ್ ಸಾದಾ ಇರಲಿ ಇಲ್ಲವೇ ಬಿಳಿಯದಿರಲಿ, ವಾಟರ್‌ಪ್ರೂಫ್ ಪುಡಿ ಸೇರಿಸಿದ್ದು ಬೇಡ. ಚಿಪ್ಪಿನ ತರಿ ಕೋಳಿ ಆಹಾರದ ಅಂಗಡಿಯಲ್ಲಿ ಸಿಗುತ್ತದೆ. ಮರುವಾಯಿ ಸುಕ್ಕ ಮಾಡುವ ಮನೆಗಳಲ್ಲಿ ಚಿಪ್ಪಿಗೆ ಬರವಿಲ್ಲ. ಚೆನ್ನಾಗಿ ತೊಳೆದು, ವಾರಗಟ್ಟಲೆ ಬಿಸಿಲಿಗೆ ಹಾಕಿ, ಗೋಣಿಯಲ್ಲಿ ಕಟ್ಟಿ ಸುತ್ತಿಗೆಯಿಂದ ಕುಟ್ಟಿದರೆ ತರಿ ಸಿದ್ಧ. ಒಂದು ಪಾತ್ರೆ ಸಿಮೆಂಟಿಗೆ ಎರಡು ಪಾತ್ರೆ ತರಿ, ಎರಡು ಪಾತ್ರೆ ಕಲ್ಲುಪ್ಪು. ಎಲ್ಲ ಭಾರ ಹೊರುವ ಅಡಿಗಲ್ಲುಗಳಿಗೆ ಉಪ್ಪು ಒಂದೇ ಪಾತ್ರೆ ಸಾಕು. ಒಣಗಿದ್ದಾಗಲೇ ಕಲಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಲ್ಲಿ ನೀರು ಸೋರಬಾರದು. ಕೈಗವಸು ಇಲ್ಲದೆ ಮುಟ್ಟಬೇಡಿ, ಸಿಮೆಂಟಿನ ಸುಣ್ಣ ಚರ್ಮ ಸುಡುತ್ತದೆ.

ಅಚ್ಚಿಗೆ ಅಗಲವಾದ ಟಬ್ಬಿನಲ್ಲಿ ಒದ್ದೆ ಹೊಯಿಗೆ ತುಂಬಿ, ಕೈಯಿಂದಲೇ ಅಡ್ಡಾದಿಡ್ಡಿ ಗುಳಿ ತೋಡಿ. ಗುಹೆ ಬೇಕಾದಲ್ಲಿ ಒದ್ದೆ ಹೊಯಿಗೆಯ ಗುಡ್ಡೆ ಬಿಟ್ಟು ಸುತ್ತಲೂ ಮಿಶ್ರಣ ತುಂಬಿ. ಬೆರಳು ಚುಚ್ಚಿ ತೂತು ಮಾಡಿ. ಅಂಗೈಯಗಲದ ಚಪ್ಪಟೆ ಹಲಗೆಯಂಥವು ನಾಲ್ಕೈದು, ಕಮಾನಿನಂಥವು ಒಂದೆರಡು, ಉಳಿದವು ದಪ್ಪ ಗಡ್ಡೆಗಳು, ಹೀಗೆ ಬಗೆಬಗೆಯವು ಇದ್ದರೆ ಜೋಡಿಸುವಾಗ ಸುಲಭ. ಎರಡು ದಿನ ಬಿಟ್ಟು ಮೆಲ್ಲಗೆ ಎಬ್ಬಿಸಿ, ಒಂದು ವಾರ ಒದ್ದೆ ಗೋಣಿ ಮುಚ್ಚಿಡಿ.

ಈಗ ಮಳೆಗಾಲದ ಉಪಕಾರ. ಈ ಕಲ್ಲುಗಳಲ್ಲಿರುವ ಉಪ್ಪು ಕರಗಿ ಹೋಗಿ ರಂಧ್ರವಾಗಬೇಕು, ಸಿಮೆಂಟಿನ ಖಾರ ಇಳಿಯಬೇಕು. ಅದಕ್ಕೆ ಆರರಿಂದ ಎಂಟು ವಾರ ಸಿಹಿನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಲೇ ಇರಬೇಕು. ಜೂನ್, ಜುಲೈಯಲ್ಲಿ ಸೂರಿನಡಿ ಡ್ರಮ್ಮು ಇಟ್ಟು ಅದರಲ್ಲಿ ಕಲ್ಲು ಹಾಕಿದರೆ ಆ ಕೆಲಸ ಮಳೆಯೇ ಮಾಡುತ್ತದೆ. ಡ್ರಮ್ಮಿನ ನೀರು ಬಾವಿಗೆ, ಗಿಡಕ್ಕೆ ಹೋಗದಂತೆ ನೋಡಿಕೊಳ್ಳಿ. ಕೊನೆಗೆ ಒಂದು ಬಕೆಟ್ ಹೊಸ ನೀರಿನಲ್ಲಿ ಎರಡು ದಿನ ಕಲ್ಲಿಟ್ಟು ಪಿಎಚ್ ನೋಡಿ. 8.5 ದಾಟದಿದ್ದರೆ ಕಲ್ಲು ತಯಾರು.

ಮೊದಲ ಜೋಡಣೆ ನೆಲದ ಮೇಲೆ

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 190 ಲೀಟರ್ ಹಿಡಿಯುತ್ತದೆ. ಅದಕ್ಕೆ ಹದಿನೈದರಿಂದ ಹದಿನೆಂಟು ಕಿಲೋ ಕಲ್ಲು ಸಾಕು. ತೊಟ್ಟಿಯ ತಳದ ಅಳತೆಗೆ ರಟ್ಟು ಕತ್ತರಿಸಿ ಜಗಲಿಯಲ್ಲಿ ಹಾಸಿ. ಮುಂದಿನ ಗಾಜಿನ ಕಡೆ ನಾಲ್ಕು ಇಂಚು, ಹಿಂದೆ ಮತ್ತು ಪಕ್ಕಗಳಲ್ಲಿ ಮೂರು ಇಂಚು ಬಿಟ್ಟು ಗೆರೆ ಎಳೆಯಿರಿ. ಆ ಗೆರೆ ದಾಟಬಾರದು, ದಾಟಿದರೆ ನಾಳೆ ಗಾಜು ಉಜ್ಜಲು ಕೈ ಹೋಗದು.

ಗೆರೆಯೊಳಗೆ ಎರಡು ದಿಬ್ಬ ಮಾಡಿ. ದೊಡ್ಡದು ಒಂದು ಪಕ್ಕಕ್ಕೆ ಸರಿದಿರಲಿ, ಎತ್ತರ ತೊಟ್ಟಿಯ ಅರ್ಧಕ್ಕಿಂತ ತುಸು ಹೆಚ್ಚು. ಚಿಕ್ಕದು ಅದರ ಅರ್ಧ. ನಡುವೆ ಹೊಯಿಗೆಯ ಓಣಿ ಬಿಡಿ, ನೇರವಾಗಿ ಅಲ್ಲ, ಓರೆಯಾಗಿ. ಓರೆ ಓಣಿಯಿಂದ ತೊಟ್ಟಿ ಇರುವುದಕ್ಕಿಂತ ಆಳವಾಗಿ ಕಾಣುತ್ತದೆ. ಎರಡೂ ದಿಬ್ಬ ಒಂದೇ ಎತ್ತರ ಇದ್ದರೆ ಕಣ್ಣಿಗೆ ಒಗ್ಗುವುದಿಲ್ಲ. ಮೇಲಿನ ಆರು ಇಂಚು ಖಾಲಿ ಬಿಡಿ, ಹವಳ ಬೆಳೆಯುವುದು ಅಲ್ಲಿಗೇ. ಒಪ್ಪಿಗೆಯಾದ ಜೋಡಣೆಯ ಫೋಟೋ ನಾಲ್ಕೂ ಕಡೆಯಿಂದ ತೆಗೆದಿಡಿ.

ತೊಟ್ಟಿಯೊಳಗೆ ಮೊದಲು ಕಲ್ಲು, ಆಮೇಲೆ ಹೊಯಿಗೆ. ತಳದ ಗಾಜಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಅಡಿಗಲ್ಲು ಕೂರಿಸಿ. ಹೊಯಿಗೆಯ ಮೇಲೆ ಕಲ್ಲಿಟ್ಟರೆ ಬಿಲ ತೋಡುವ ಸಿಗಡಿ, ಗೋಬಿ ಮೀನುಗಳು ಅಡಿಯನ್ನು ಕೆದಕಿ ದಿಬ್ಬವನ್ನೇ ಉರುಳಿಸುತ್ತವೆ, ಗಾಜು ಒಡೆಯುವುದೂ ಉಂಟು. ಕಲ್ಲಿಗೆ ಕಲ್ಲು ಸೇರಿಸಲು ಸೂಪರ್ ಗ್ಲೂ ಜೆಲ್ ಹಚ್ಚಿ, ಸಂದಿಗೆ ಚಿಪ್ಪಿನ ಪುಡಿ ಉದುರಿಸಿದರೆ ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಕಮಾನಿಗೆ ತೂತು ಕೊರೆದು ಅಕ್ರಿಲಿಕ್ ಕಡ್ಡಿ ತೂರಿಸಿ. ಕಬ್ಬಿಣದ ಸರಳು, ತಾಮ್ರದ ತಂತಿ ಯಾವ ಕಾರಣಕ್ಕೂ ಬೇಡ. ತಾಮ್ರ ತುಸುವೇ ಕರಗಿದರೂ ಹವಳ, ಸಿಗಡಿ ಉಳಿಯವು. ಕೊನೆಗೆ ಪ್ರತಿ ಕಲ್ಲನ್ನೂ ಕೈಯಿಂದ ನೂಕಿ ನೋಡಿ. ಅಲುಗಿದರೆ ಮತ್ತೆ ಕೂರಿಸಿ.

ನೀರು ತುಂಬಿ ಪಂಪು ಹಾಕಿದ ಮೇಲೆ ಚಿಟಿಕೆ ಮೀನಿನ ಆಹಾರ ಬಿಟ್ಟು ಅದು ಎಲ್ಲಿ ಹೋಗಿ ಕೂರುತ್ತದೆಂದು ಗಮನಿಸಿ. ಕೂತ ಜಾಗದಲ್ಲಿ ನೀರಿಗೆ ಓಟವಿಲ್ಲ. ಪಂಪಿನ ಮುಖ ತಿರುಗಿಸಿ ಅಥವಾ ಒಂದು ಕಲ್ಲು ತೆಗೆದುಬಿಡಿ. ಮುಂದಿನ ನಾಲ್ಕರಿಂದ ಆರು ವಾರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವ ತನಕ ಜೀವಿ ಬಿಡುವಂತಿಲ್ಲ.

ಹವಳಕ್ಕೆ ಜಾಗ

ಮನೆ ತೊಟ್ಟಿಗೆ ಮೃದುಹವಳ ಸಾಕು. ಸಾಕಣೆಯಲ್ಲಿ ಬೆಳೆದ ತುಂಡುಗಳನ್ನೇ ಕೇಳಿ. ಅಣಬೆ ಹವಳ ತಗ್ಗಿನಲ್ಲಿ, ನೆರಳಿನ ಮಗ್ಗುಲಲ್ಲಿ. ಲೆದರ್ ಹವಳ ನಡುಮಟ್ಟದ ಚಪ್ಪಟೆ ಕಲ್ಲಿನ ಮೇಲೆ. ಅದು ನೀರಿಗೆ ವಿಷ ಬಿಟ್ಟು ಪಕ್ಕದ ಹವಳಗಳನ್ನು ತಡೆಯುವುದರಿಂದ ಸುತ್ತ ಆರು ಇಂಚು ಜಾಗ ಬೇಕು, ಫಿಲ್ಟರಿನಲ್ಲಿ ಇದ್ದಿಲೂ ಬೇಕು. ಜೀನಿಯಾ, ಸ್ಟಾರ್ ಪಾಲಿಪ್ ಹರಡಿಕೊಂಡು ಎಲ್ಲವನ್ನೂ ನುಂಗುವ ಜಾತಿ. ಅವನ್ನು ಚಿಕ್ಕ ದಿಬ್ಬಕ್ಕೇ ಮೀಸಲಿಡಿ, ಹೊಯಿಗೆಯ ಓಣಿ ಅವಕ್ಕೆ ಬೇಲಿ. ತಂದ ಹವಳವನ್ನು ಒಮ್ಮೆಲೇ ಬೆಳಕಿಗೆ ಏರಿಸದೆ ಒಂದೆರಡು ವಾರ ಕೆಳಗಿಟ್ಟು ಆಮೇಲೆ ಮೇಲೆ ತನ್ನಿ. ಜೊಯಾಂಥಿಡ್ ಹವಳ ಮುಟ್ಟುವಾಗ ಕೈಗವಸು, ಕನ್ನಡಕ ಕಡ್ಡಾಯ. ಅದು ಅಂಟಿದ ಕಲ್ಲನ್ನು ಎಂದೂ ಕುದಿಸಬಾರದು. ಅದರ ಪಾಲಿಟಾಕ್ಸಿನ್ ವಿಷ ಆವಿಯಲ್ಲಿ ಬಂದರೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾದೀತು.

ನಮ್ಮ ಏಪ್ರಿಲ್, ಮೇ ಸೆಕೆಯಲ್ಲಿ ತೊಟ್ಟಿಯ ನೀರು 30 ಡಿಗ್ರಿ ದಾಟುತ್ತದೆ. ಹವಳಕ್ಕೆ 25ರಿಂದ 27 ಹಿತ. ಗಾಳಿಯಲ್ಲಿ ತೇವ ಹೆಚ್ಚಿರುವ ಈ ಕರಾವಳಿಯಲ್ಲಿ ಫ್ಯಾನಿನಿಂದ ಹೆಚ್ಚು ತಂಪಾಗದು. ಚಿಲ್ಲರ್ ಕೊಳ್ಳಲು ಸಾಧ್ಯವಾಗದಿದ್ದರೆ ಬರೀ ಕಲ್ಲು ಮತ್ತು ಮೀನಿನ ತೊಟ್ಟಿಯನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಕ್ಲೌನ್ ಮೀನನ್ನು ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿ ವರ್ಷಗಳೇ ಆದವು. ಕಡಲಿನಿಂದ ಹಿಡಿದ ಮೀನು ಕೊಳ್ಳುವ ಅಗತ್ಯವಿಲ್ಲ. ಮಳೆಗಾಲದ ಕರೆಂಟು ಕಡಿತಕ್ಕೆ ಬ್ಯಾಟರಿಯ ಗಾಳಿ ಪಂಪು ಒಂದು ಮನೆಯಲ್ಲಿರಲಿ.

ಅಂಗಡಿಯಲ್ಲಿ ಹವಳವಾಗಲಿ ಕಲ್ಲಾಗಲಿ ಕೊಳ್ಳುವಾಗ ಜಾತಿಯ ಹೆಸರು, ಎಲ್ಲಿಂದ ಬಂತೆಂಬ ದಾಖಲೆ, ಬಿಲ್ಲು ಮೂರನ್ನೂ ಕೇಳಿ. ಕೊಡಲಾಗದು ಎಂದರೆ ಖಾಲಿ ಕೈಯಲ್ಲೇ ಹೊರಟು ಬನ್ನಿ.