ಅಳಿಸಿಹೋದ ಹಾಲಿನ ಲೆಕ್ಕ

ಪ್ರಶ್ನೆ: ನಾನು ಬಿಸಿಎ ಮೊದಲ ವರ್ಷದಲ್ಲಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಅಮ್ಮ ಡೇರಿಗೆ ಹಾಕುವ ಹಾಲಿನ 20 ದಿನದ ಲೆಕ್ಕವನ್ನು ಫೈಲಿನಲ್ಲಿ ಟೈಪ್ ಮಾಡಿಟ್ಟಿದ್ದೆ. 21ನೇ ದಿನದ್ದನ್ನು ಪೈಥಾನ್ ಪ್ರೋಗ್ರಾಮಿನಿಂದ ಸೇರಿಸಿದೆ. ಈಗ ಆ ಒಂದು ಸಾಲು ಬಿಟ್ಟರೆ ಫೈಲಿನಲ್ಲಿ ಏನೂ ಇಲ್ಲ. ಅಮ್ಮನ ಹೆಸರನ್ನು ಕನ್ನಡದಲ್ಲಿ ಬರೆಯಹೋದರೆ ಎರರ್. ಲ್ಯಾಬ್‌ನಲ್ಲಿ ಉಳಿದವರೆಲ್ಲ ಮುಗಿಸಿ ಎದ್ದುಹೋಗುತ್ತಾರೆ. ಕೋರ್ಸ್ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಮ್ಮ. ಪಾಠದ ಉದಾಹರಣೆಯ ಫೈಲು ಅಳಿಸಿಹೋದರೆ ಯಾರಿಗೂ ನೋವಾಗುವುದಿಲ್ಲ. ನೀನು ಮನೆಯ ಲೆಕ್ಕವನ್ನೇ ಹಿಡಿದು ಕಲಿಯಲು ಕೂತೆ, ಅದಕ್ಕೇ ಇಷ್ಟು ಸಂಕಟ. ಹಾಗೆ ಕಲಿಯುವವರ ಮೇಲೆ ನನಗೆ ಬಹಳ ಭರವಸೆ.

ಫೈಲು ತೆರೆಯುವ ಓಪನ್‌ಗೆ ನೀನು ‘ಡಬ್ಲ್ಯು’ ಕೊಟ್ಟಿರಬೇಕು. ಸ್ಲೇಟಿನಲ್ಲಿ ಬರೆಯುವ ಮೊದಲು ಒರೆಸುತ್ತಿದ್ದೆವಲ್ಲ, ಇದೂ ಹಾಗೇ. ಫೈಲು ತೆರೆದ ಕ್ಷಣಕ್ಕೇ ಹಳೆಯದೆಲ್ಲ ಹೋಗುತ್ತದೆ, ನೀನು ಒಂದಕ್ಷರ ಬರೆಯದಿದ್ದರೂ. ಬದಲಿಗೆ ‘ಎ’ ಕೊಡು. ಡೇರಿ ಪುಸ್ತಕದಲ್ಲಿ ಕೆಳಗೆ ಕೆಳಗೆ ಸೇರುವಂತೆ ಹೊಸ ಸಾಲು ಕೊನೆಗೆ ಸೇರುತ್ತದೆ. ಪ್ರತಿ ಸಾಲಿನ ತುದಿಗೆ ಬ್ಯಾಕ್‌ಸ್ಲ್ಯಾಶ್ ಎನ್ ಹಾಕು, ಇಲ್ಲದಿದ್ದರೆ ನಿನ್ನೆಯ ಲೀಟರಿಗೆ ಇವತ್ತಿನ ತಾರೀಖು ಅಂಟಿಕೊಳ್ಳುತ್ತದೆ. ಬರೀ ಓದುವುದಕ್ಕೆ ‘ಆರ್’ ಸಾಕು. ‘ವಿತ್’ ಜೊತೆ ತೆರೆಯುವ ರೂಢಿ ಮಾಡಿಕೋ, ಫೈಲನ್ನು ಅದೇ ಮುಚ್ಚುತ್ತದೆ. ಮುಚ್ಚುವ ತನಕ ನೀನು ಬರೆದದ್ದು ಡಿಸ್ಕಿಗೆ ಇಳಿಯದೆ ಮೆಮೊರಿಯಲ್ಲೇ ಉಳಿದಿರಬಹುದು.

ಇನ್ನು ಕನ್ನಡದ ಎರರ್. ನಿನ್ನದು ವಿಂಡೋಸ್ ಇರಬೇಕು. ಎನ್‌ಕೋಡಿಂಗ್ ಯಾವುದೆಂದು ನಾವು ಹೇಳದಿದ್ದರೆ ಪೈಥಾನ್ ಅಲ್ಲಿ ಸಾಮಾನ್ಯವಾಗಿ ಸಿಪಿ-1252 ಎಂಬ ಹಳೆಯ ಅಕ್ಷರಪಟ್ಟಿ ಹಿಡಿಯುತ್ತದೆ. ಅದರಲ್ಲಿರುವುದು 256 ಜಾಗ, ಕನ್ನಡದ ಒಂದಕ್ಷರಕ್ಕೂ ಅಲ್ಲಿ ಸ್ಥಳವಿಲ್ಲ. ಓಪನ್‌ನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆದು ನೋಡು, ‘ಅ’ ಮೂರು ಬೈಟಿನಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಓದುವಾಗಲೂ ಅದನ್ನೇ ಹೇಳು. ಕೊರತೆ ಆ ಪಟ್ಟಿಯದು ತಾಯಿ, ನಿನ್ನ ಕನ್ನಡದ್ದಲ್ಲ, ನೀನು ಓದಿದ ಶಾಲೆಯದೂ ಅಲ್ಲ.

ಲ್ಯಾಬ್‌ನಲ್ಲಿ ಬೇಗ ಎದ್ದವರನ್ನು ನೋಡುತ್ತಾ ಕೂರಬೇಡ. ಉಳಿದ ಹೊತ್ತಿನಲ್ಲಿ ಮೇಷ್ಟ್ರನ್ನು ಕರೆದು, ನಿನ್ನ ಫೈಲು ತೋರಿಸಿ ಕೇಳು.

ಡೇರಿ ಪುಸ್ತಕ ಅಮ್ಮನ ಹತ್ತಿರ ಇರುತ್ತದಲ್ಲ? ಸಂಜೆ ಕರೆದ ಹಾಲು ಹಾಕಿ ಬಂದ ಮೇಲೆ ಅಳಿಸಿಹೋದ ಲೆಕ್ಕವನ್ನು ಅವರು ಓದಿ ಹೇಳಲಿ, ನೀನು ಟೈಪ್ ಮಾಡು. ಪ್ರೋಗ್ರಾಮ್ ಓಡಿಸುವ ಮೊದಲು ಫೈಲಿನ ಒಂದು ನಕಲನ್ನು ಬೇರೆ ಫೋಲ್ಡರಿನಲ್ಲಿ ತೆಗೆದಿಡು.